ಅಕ್ಕ ತೆಗೆಸಿದ ಅಧ್ಯಾಯ

ಅದು ಆಗುವ ಕೆಲಸವಲ್ಲ ಎಂದು ಮೊದಲು ಹೇಳಿದವನು ನನ್ನ ಸೋದರಮಾವ. ಮಾಗಡಿ ಬಸ್ ನಿಲ್ದಾಣದ ಎದುರಿನ ಹೋಟೆಲಿನಲ್ಲಿ ಕಾಫಿ ಕುಡಿಯುತ್ತ, ಪಕ್ಕದ ಟೇಬಲಿನವರಿಗೂ ಕೇಳಿಸುವ ಹಾಗೆ ಹೇಳಿದ.

"ನಿಮ್ಮಕ್ಕ ಪುಸ್ತಕ ಮಾಡ್ತಾಳಾ? ಎಸ್ಸೆಸ್ಸೆಲ್ಸಿ ಓದ್ಕಂಡು ರೇಷ್ಮೆ ಹುಳ ಸಾಕೋಳು? ಆಗೋ ಕೆಲ್ಸ ಅಲ್ಲ ಬುಡಮ್ಮಿ."

"ನಾನು ಡಿಗ್ರಿ ಮುಗಿಸೋದೂ ಆಗೋ ಕೆಲ್ಸ ಅಲ್ಲ ಅಂದಿದ್ದೆ ಮಾವ ನೀನು."

"ಅದೇನೋ ಆಗೋಯ್ತು. ಒಂದೇ ಮನೇಲಿ ಎಲ್ಡು ಸಲ ಆಯ್ತದಾ?"

ಹೌದು, ಆಗಿತ್ತು. ನಮ್ಮ ಮನೆಯಲ್ಲಿ ಬಿ.ಎ. ಮುಗಿಸಿದ ಮೊದಲನೆಯವಳು ನಾನು. ನಮ್ಮ ಮನೆ ಎಂದರೆ ಅಪ್ಪನ ಕಡೆ, ಅವ್ವನ ಕಡೆ, ಎರಡೂ ಸೇರಿಸಿ. ಇದನ್ನು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ. ಸುಮ್ಮನೆ ಸಿಕ್ಕಿದ್ದಲ್ಲ ಅದು. ಬೆಳಗಿನ ಬಸ್ಸು ತಪ್ಪಿದರೆ ಹಾಲಿನ ವ್ಯಾನಿನ ಹಿಂದೆ ಕ್ಯಾನುಗಳ ನಡುವೆ ನಿಂತು ಕಾಲೇಜಿಗೆ ಹೋದವಳು ನಾನು. ಆದರೆ ಅಕ್ಕನ ಹೆಸರೆತ್ತದೆ ಆ ಮಾತು ಮುಗಿಯುವುದಿಲ್ಲ. ಇಬ್ಬರನ್ನೂ ಓದಿಸಲು ಆಗುವುದಿಲ್ಲ ಎಂದು ಅಪ್ಪ ಬಾಯಿಬಿಟ್ಟು ಹೇಳಲಿಲ್ಲ. ಅಕ್ಕನೇ ಹೇಳಿದಳು. "ನಂಗೆ ಲೆಕ್ಕ ತಲೆಗೆ ಹತ್ತಾಕಿಲ್ಲ, ಮದ್ವೆ ಮಾಡ್ಬುಡಿ" ಅಂದಳು. ಲೆಕ್ಕದಲ್ಲಿ ಅವಳಿಗೆ ನನಗಿಂತ ಹೆಚ್ಚು ಅಂಕ ಬರುತ್ತಿತ್ತು. ತಿಪ್ಪಸಂದ್ರದ ಹತ್ತಿರದ ಒಂದು ಊರಿಗೆ, ಹಿಪ್ಪುನೇರಳೆ ತೋಟ ಇಟ್ಟುಕೊಂಡು ಹುಳು ಸಾಕುವ ಮನೆಗೆ ಅವಳು ಸೊಸೆಯಾಗಿ ಹೋದಳು.

ಡಿಗ್ರಿ ಮುಗಿದ ಮೇಲೆ ನನ್ನ ಜೊತೆಯವರೆಲ್ಲ ಬಿಡದಿ, ಹಾರೋಹಳ್ಳಿಯ ಕಾರ್ಖಾನೆಗಳಿಗೆ ಅರ್ಜಿ ಹಾಕುತ್ತಿದ್ದಾಗ ನಾನು ರಾಮನಗರದ ಒಂದು ಜೆರಾಕ್ಸ್ ಅಂಗಡಿಯ ಮೇಲಿದ್ದ ಒಂಟಿ ಕೋಣೆಯ ಪ್ರಕಾಶನಕ್ಕೆ ಸೇರಿಕೊಂಡೆ. ಕಾಲೇಜಿನಲ್ಲಿ ಪಾಠ ಮಾಡಿ ನಿವೃತ್ತರಾದ ಮೇಡಂ ಒಬ್ಬರು ಅದನ್ನು ನಡೆಸುತ್ತಿದ್ದರು. ಅಲ್ಲಿ ಕೆಲಸಕ್ಕಿದ್ದವಳು ನಾನೊಬ್ಬಳೇ. ಟೈಪ್ ಮಾಡುವುದು, ಕರಡು ತಿದ್ದುವುದು, ಪ್ರೆಸ್ಸಿಗೆ ಓಡಾಡುವುದು, ಕಟ್ಟು ಕಟ್ಟಿ ಬಸ್ಸಿಗೆ ಹಾಕುವುದು, ಎಲ್ಲ ನಾನೇ. ಮೇಡಂ ಮೊದಲ ಪುಸ್ತಕ ಮಾತ್ರ ಪ್ರಕಟಿಸುತ್ತಿದ್ದರು. ಯಾರಾದರೂ ಎರಡನೆಯದನ್ನು ಹಿಡಿದುಕೊಂಡು ಬಂದರೆ ಕಾಫಿ ಕೊಟ್ಟು ಕಳಿಸುತ್ತಿದ್ದರು. "ಎರಡನೇದಕ್ಕೆ ಯಾರಾದರೂ ಸಿಗ್ತಾರೆ. ಮೊದಲನೇದಕ್ಕೆ ಯಾರೂ ಸಿಗಲ್ಲ" ಎನ್ನುತ್ತಿದ್ದರು.

ಅಕ್ಕ ಪುಸ್ತಕ ಬರೆಯಲಿಲ್ಲ, ಹೇಳಿದಳು. ಸೊಪ್ಪು ಕೊಯ್ಯುವಾಗ ಫೋನನ್ನು ರವಿಕೆಯೊಳಗೆ ಸಿಕ್ಕಿಸಿಕೊಂಡು ನನಗೆ ವಾಯ್ಸ್ ಮೆಸೇಜ್ ಕಳಿಸುವುದು ಅವಳ ಅಭ್ಯಾಸ. ಊರಿನ ಸುದ್ದಿ, ಹುಳುವಿನ ಸುದ್ದಿ, ಅತ್ತೆ ಆಡಿದ ಮಾತು, ಭಾವನ ಗೊರಕೆ. ಹಿಂದೆ ಕೊಂಬೆ ಮುರಿಯುವ ಸದ್ದು ಲಟಲಟ ಕೇಳಿಸುತ್ತಿರುತ್ತದೆ. ಒಂದು ಮಧ್ಯಾಹ್ನ ಡಬ್ಬಿ ಬಿಚ್ಚಿಕೊಂಡು ಊಟ ಮಾಡುತ್ತ ಸ್ಪೀಕರಿನಲ್ಲಿ ಹಾಕಿದ್ದೆ. ಮೇಡಂ ತುತ್ತು ಕೈಯಲ್ಲೇ ಹಿಡಿದು ಕೇಳುತ್ತ ಕುಳಿತರು.

"ಯಾರಮ್ಮ ಇದು?"

"ನಮ್ಮಕ್ಕ ಮೇಡಂ."

"ಇನ್ನೂ ಇದೆಯಾ?"

"ಫೋನ್ ತುಂಬಾ ಐತೆ."

ಹಾಗೆ ಶುರುವಾಯಿತು. ನಾನು ಕೇಳಿ ಕೇಳಿ ಟೈಪ್ ಮಾಡಿದೆ. ಬೇಸಿಗೆ ಕಳೆಯುವ ಹೊತ್ತಿಗೆ ಪುಸ್ತಕದಷ್ಟಾಯಿತು. ಆ ವರ್ಷ ನಮ್ಮಲ್ಲಿ ಮೂವರು ಹೊಸ ಲೇಖಕರು. ಚನ್ನಪಟ್ಟಣದಲ್ಲಿ ಅರಗಿನ ಗೊಂಬೆ ಕಡೆಯುವ ಸಾಹೇಬರೊಬ್ಬರು, ಕನಕಪುರದ ಬಸ್ ಕಂಡಕ್ಟರ್ ಒಬ್ಬರು, ಮತ್ತೆ ನಮ್ಮಕ್ಕ.

ಮೇಡಂದು ಇನ್ನೊಂದು ಪದ್ಧತಿ ಇತ್ತು. ಪ್ರೆಸ್ಸಿಗೆ ಹೋಗುವ ಮೊದಲು ಲೇಖಕರು ಇಡೀ ಪುಸ್ತಕವನ್ನು ತಮ್ಮ ಮನೆಯವರ ಎದುರು ಗಟ್ಟಿಯಾಗಿ ಓದಬೇಕು. ಹಿಂದೆ ಒಬ್ಬರ ಪುಸ್ತಕ ಬಿಡುಗಡೆಯಾದ ದಿನವೇ ಅಣ್ಣತಮ್ಮಂದಿರು ವೇದಿಕೆಯ ಕೆಳಗೆ ಕೈಕೈ ಮಿಲಾಯಿಸಿದ್ದರಂತೆ. ಅಂದಿನಿಂದ ಈ ಪದ್ಧತಿ. ಮೇಡಂ ತಾವು ಹೋಗುತ್ತಿರಲಿಲ್ಲ. ತಾವು ಎದುರಿಗಿದ್ದರೆ ಮನೆಯವರು ನಿಜ ಹೇಳುವುದಿಲ್ಲ ಎಂದು ನನ್ನನ್ನು ಕಳಿಸುತ್ತಿದ್ದರು.

ಕಂಡಕ್ಟರ್ ಮನೆಯಲ್ಲಿ ಓದು ಮುಗಿದಾಗ ಅವರ ಹೆಂಡತಿ ಸೊಂಟಕ್ಕೆ ಕೈಕೊಟ್ಟು ನಿಂತರು. "ಊರು ಮಂದಿನೆಲ್ಲ ಹತ್ತಿಸ್ಕೊಂಡಿದ್ದೀರಲ್ಲ, ನಂಗೊಂದು ಸೀಟು ಇಲ್ವಾ?" ಎಂದು ಕೇಳಿದರು. ಕಂಡಕ್ಟರ್ ವಾರದೊಳಗೆ ಹೆಂಡತಿಯ ಮೇಲೆ ಒಂದು ಅಧ್ಯಾಯ ಬರೆದು ಸೇರಿಸಿದರು. ಚನ್ನಪಟ್ಟಣದಲ್ಲಿ ಸಾಹೇಬರ ತಂದೆ ಅರ್ಧದಲ್ಲೇ ನಿದ್ದೆ ಹೋದರು. ಎದ್ದ ಮೇಲೆ, "ಒಳ್ಳೆ ನಿದ್ದೆ ಬಂತು ಬೇಟಾ. ಸುಳ್ಳು ಇದ್ದಿದ್ರೆ ಎಚ್ಚರ ಆಗಿರೋದು. ಹಾಕ್ಸು" ಅಂದರು.

ಅಕ್ಕನ ಮನೆಯ ಓದು ಒಂದು ಭಾನುವಾರ ಮಧ್ಯಾಹ್ನ ಇಟ್ಟುಕೊಂಡೆವು. ಹುಳು ನಾಲ್ಕನೇ ಜ್ವರ ಎದ್ದಿತ್ತು. ಹುಳು ಪೊರೆ ಬಿಡಲು ಸೊಪ್ಪು ಬಿಟ್ಟು ಕೂರುವುದನ್ನು ನಮ್ಮ ಕಡೆ ಜ್ವರ ಎನ್ನುತ್ತಾರೆ. ನಾಲ್ಕನೆಯದು ಎದ್ದ ಮೇಲೆ ಅದರ ಹಸಿವಿಗೆ ಮನೆಮಂದಿಯೆಲ್ಲ ಟೊಂಕ ಕಟ್ಟಿಕೊಂಡು ದುಡಿಯಬೇಕು. ಮಧ್ಯಾಹ್ನದ ಸೊಪ್ಪು ಹಾಕಿ, ಕೈಕಾಲು ತೊಳೆದುಕೊಂಡು ಎಲ್ಲರೂ ಹಜಾರದಲ್ಲಿ ಕುಳಿತರು. ಅಕ್ಕ, ಭಾವ, ಅಕ್ಕನ ಅತ್ತೆ, ನಾನು. ಅಕ್ಕನ ಮಕ್ಕಳು ಆಡಲು ಹೋಗಿದ್ದರು.

ಅತ್ತೆ ಮಾತು ಕಡಿಮೆಯ ಹೆಂಗಸು. ಓದು ಬಾರದು. ನಾನು ಹೋದಾಗಲೆಲ್ಲ "ಉಂಡ್ಯಾ" ಎಂದು ಕೇಳುತ್ತಿದ್ದರು, ಹೊರಟಾಗ "ಹೋಗ್ಬಾ" ಅನ್ನುತ್ತಿದ್ದರು, ನಡುವೆ ಹೆಚ್ಚೇನೂ ಇರುತ್ತಿರಲಿಲ್ಲ. ಅವತ್ತು ಕಂಬಕ್ಕೊರಗಿ ಕಾಲು ಚಾಚಿ ಕುಳಿತು ಎಲೆಅಡಿಕೆ ಬಾಯಿಗೆ ಹಾಕಿಕೊಂಡರು.

ಅಕ್ಕನಿಗೆ ಮೊದಲು ನಗು. ತನ್ನ ಮಾತೇ ಅಕ್ಷರವಾಗಿ ಕಂಡರೆ ಓದಲು ನಾಲಿಗೆ ತೊಡರುತ್ತದೆ. ಆಮೇಲೆ ಹದ ಸಿಕ್ಕಿತು. ಭಾವ ಹೆಣ್ಣು ನೋಡಲು ಬಂದ ದಿನ ಚಪ್ಪಲಿ ಕಳೆದುಕೊಂಡು ನಮ್ಮಪ್ಪನ ಚಪ್ಪಲಿ ಹಾಕಿಕೊಂಡು ಹೋದದ್ದನ್ನು ಓದಿದಾಗ ಅತ್ತೆ ಕೂಡ ಸೆರಗು ಬಾಯಿಗಿಟ್ಟುಕೊಂಡರು. "ಆ ಚಪ್ಪಲಿ ಇನ್ನೂ ಕೊಟ್ಟಿಲ್ವಲ್ಲ ಭಾವ" ಅಂದೆ. "ಡಿಗ್ರಿ ಮಾಡ್ದೋಳು ಕೇಳೋ ಮಾತಾ ಇದು" ಅಂದರು ಭಾವ.

ಆಮೇಲೆ ಆ ಅಧ್ಯಾಯ ಬಂತು.

ಅಕ್ಕನಿಗೆ ಮೊದಲು ಹುಟ್ಟಿದ್ದು ಹೆಣ್ಣುಮಗು. ಹೆಸರಿಡುವ ಮುಂಚೆಯೇ ಹೋಯಿತು. ಹೆಸರಿಡದೆ ಹೋದ ಕೂಸಿನ ಮಾತು ಆಡಬಾರದು, ಆಡಿದರೆ ಮುಂದೆ ಹುಟ್ಟುವುದಕ್ಕೆ ಒಳ್ಳೆಯದಲ್ಲ ಎನ್ನುವುದು ನಮ್ಮ ಕಡೆಯ ನಂಬಿಕೆ. ಯಾರೂ ಆಡಲಿಲ್ಲ. ಆಮೇಲೆ ಇಬ್ಬರು ಗಂಡುಮಕ್ಕಳು ಹುಟ್ಟಿ ಶಾಲೆಗೆ ಹೋಗುವಂತಾದರೂ ಆಡಲಿಲ್ಲ. ಅಕ್ಕ ನನಗೂ ಹೇಳಿರಲಿಲ್ಲ. ಒಂದು ದಿನ ಸೊಪ್ಪು ಕೊಯ್ಯುತ್ತ ಫೋನಿಗೆ ಹೇಳಿದ್ದಳು. ಅವಳು ಹೇಳಿದ ಹಾಗೆಯೇ ಟೈಪ್ ಮಾಡಿದ್ದೆ. ಅದನ್ನೇ ಅವಳು ಓದಿದಳು:

"ಬದುವಿನ ಹೊಂಗೆ ಮರದ ಬುಡದಲ್ಲಿ ಮಣ್ಣು ಮಾಡ್ಬುಟ್ಟು ಬಂದ್ರು. ಬರೋ ಹೊತ್ಗೆ ಹುಳಕ್ಕೆ ಹೊತ್ತಾಗಿತ್ತು. ನನ್ನೆದೆ ಹಾಲು ಕಟ್ಕಂಡು ಕಲ್ಲಾಗಿತ್ತು. ಒಳಕೋಣೇಲಿ ಮಲ್ಗಿದ್ದೆ. ಪಕ್ಕದ ಹುಳುಮನೇಲಿ ಹುಳ ಸೊಪ್ಪು ತಿನ್ನೋ ಸದ್ದು ಗೋಡೆ ದಾಟಿ ಬತ್ತಿತ್ತು. ನಮ್ಮತ್ತೆ ಅಳಲಿಲ್ಲ. ಸೆರಗು ಸಿಕ್ಕಿಸ್ಕಂಡು ಮಂಕ್ರಿ ತಕ್ಕಂಡು ಸೊಪ್ಪು ಹಾಕಕ್ಕೆ ಹೋದ್ರು."

ಅಷ್ಟು ಓದುವಷ್ಟರಲ್ಲಿ ಅತ್ತೆ ಎದ್ದರು. ಅಂಗಳಕ್ಕೆ ಹೋಗಿ ಎಲೆಅಡಿಕೆ ಉಗಿದು, ಮೂಲೆಯಲ್ಲಿದ್ದ ಸೊಪ್ಪಿನ ಮಂಕರಿ ಎತ್ತಿಕೊಂಡು ಹುಳುಮನೆಗೆ ಹೋದರು. ಬಾಗಿಲು ಹಾಕಿಕೊಂಡರು. ಭಾವ ತಲೆ ಎತ್ತಲಿಲ್ಲ. ಅಕ್ಕ ಹಾಳೆಗಳನ್ನು ಒಟ್ಟು ಮಾಡಿ ತೊಡೆಯ ಮೇಲಿಟ್ಟುಕೊಂಡು ನನ್ನ ಕಡೆ ಬಾಗಿ ಮೆಲ್ಲಗೆ ಹೇಳಿದಳು.

"ಮಧ್ಯಾಹ್ನದ ಸೊಪ್ಪು ಆಗ್ಲೇ ಹಾಕಿ ಆಗಿತ್ತು ಕಣೆ."

ನಾನು ಹೊರಡುವವರೆಗೂ ಅತ್ತೆ ಹೊರಗೆ ಬರಲಿಲ್ಲ. ಬಸ್ಸಿಗೆ ಕಾಯುವಾಗ ಅಕ್ಕ ಅಂದಳು, "ತೆಗ್ದುಬುಡು ಅದ್ನ."

"ಅವರು ಬೇಡ ಅಂದ್ರೇನಕ್ಕ?"

"ಎದ್ದು ಹೋದ್ರಲ್ಲ. ಬಾಯ್ಬುಟ್ಟು ಹೇಳ್ಬೇಕಾ?"

"ಒಂದು ಮಾತು ಕೇಳಬಹುದು."

"ಕೇಳುದ್ರೆ ಬೇಡ ಅನ್ನಲೇಬೇಕಾಯ್ತದೆ ಅವ್ರು. ಅನ್ನಿಸ್ಕಂಡು ಒಂದೇ ಸೂರಡೀಲಿ ಹೆಂಗಿರಾನ? ಅದ್ಕಿಂತ ನಾನೇ ತೆಗೆದ್ರೆ ಅವ್ರ ಮರ್ವಾದೆನೂ ಉಳೀತದೆ, ನಂದೂ ಉಳೀತದೆ." ಬಸ್ಸು ಬರುವ ದಾರಿ ನೋಡುತ್ತ ಅಂದಳು, "ಅಳಲಿಲ್ಲ ಅಂತ ನಾನು ಬರೆಸಬಾರದಾಗಿತ್ತು."

ಮೇಡಂಗೆ ಹೇಳಿದಾಗ ಅವರು ಕನ್ನಡಕ ತೆಗೆದಿಟ್ಟರು.

"ಎದ್ದು ಹೋಗೋದಕ್ಕೂ ಬೇಡ ಅನ್ನೋದಕ್ಕೂ ವ್ಯತ್ಯಾಸ ಇಲ್ವೇನಮ್ಮ?"

"ನಮ್ಮ ಕಡೆ ಇಲ್ಲ ಮೇಡಂ."

ಅದು ನಿಜ. ನಮ್ಮ ಕಡೆ ಹೆಣ್ಣು ನೋಡಲು ಬಂದವರು ಒಪ್ಪಿಗೆ ಇಲ್ಲ ಎಂದು ಯಾವತ್ತೂ ಹೇಳುವುದಿಲ್ಲ. ಎಲೆಅಡಿಕೆ ತಟ್ಟೆ ಮುಟ್ಟದೆ ಎದ್ದು, ಟವಲ್ಲು ಒದರಿ ಹೆಗಲಿಗೆ ಹಾಕಿಕೊಳ್ಳುತ್ತಾರೆ. ಪಾಲಿನ ಮಾತಿನಲ್ಲೂ ಅಷ್ಟೆ, ಪಂಚಾಯ್ತಿಯಲ್ಲೂ ಅಷ್ಟೆ. ಹಿರಿಯರು ಎದ್ದರೆ ಮುಗಿಯಿತು. ಹಿಂದೆ ಹೋಗಿ ಯಾಕೆ ಎದ್ದಿರಿ ಎಂದು ಕೇಳುವುದು ಮರ್ಯಾದೆಯಲ್ಲ. ನಾನು ಡಿಗ್ರಿ ಮಾಡಿದವಳು, ಮೇಡಂ ಹತ್ತಿರ ವಾದ ಮಾಡಿ ಗೆಲ್ಲುತ್ತಿದ್ದವಳು, ನನಗೂ ಆ ಹುಳುಮನೆಯ ಬಾಗಿಲು ತಟ್ಟಬೇಕು ಅನ್ನಿಸಲಿಲ್ಲ.

ಕಂಪ್ಯೂಟರಿನಲ್ಲಿ ಅಧ್ಯಾಯ ತೆಗೆಯಲು ಎಷ್ಟು ಹೊತ್ತು ಬೇಕು. ತೆಗೆದೆ. ಹಿಂದಿನ ಅಧ್ಯಾಯವೂ ಮುಂದಿನದೂ ಏನೂ ಆಗಿಲ್ಲವೆನ್ನುವಂತೆ ಕೂಡಿಕೊಂಡವು. ಓದುವವರಿಗೆ ಗೊತ್ತಾಗುವಂತಿರಲಿಲ್ಲ. ನಾನು ಮಾತ್ರ ಆ ಕಡೆ ಬಂದಾಗಲೆಲ್ಲ ತಡೆದು ನಿಲ್ಲುತ್ತಿದ್ದೆ. ಹೊಂಗೆ ಮರ ಹೋಯಿತು, ಕಟ್ಟಿಕೊಂಡ ಹಾಲು ಹೋಯಿತು, ಆ ಮಗಳು ಇದ್ದಳು ಎನ್ನುವುದಕ್ಕೆ ಇದ್ದ ಅಷ್ಟೂ ಸಾಲು ಹೋಯಿತು.

ಅದಾದ ಮೇಲೆ ಅಕ್ಕನ ವಾಯ್ಸ್ ಮೆಸೇಜುಗಳು ನಿಂತವು. ನಾನೇ ಫೋನ್ ಮಾಡಿದರೆ, "ಹುಳ ಹಣ್ಣಾಗೈತೆ ಕಣೆ, ಗೂಡು ಕಟ್ಟಕ್ಕೆ ಬುಡ್ಬೇಕು, ಕೈ ಬಿಡುವಿಲ್ಲ" ಅನ್ನುತ್ತಿದ್ದಳು. ಗೂಡು ಮಾರಿ ಮುಗಿದ ಮೇಲೂ ಬಿಡುವಾಗಲಿಲ್ಲ. ಕೊನೆಯ ಕರಡನ್ನು ತೆಗೆದುಕೊಂಡು ಹೋಗಿ ಕೊಟ್ಟೆ. ಒಂದೂ ಹಾಳೆ ತಿರುಗಿಸಲಿಲ್ಲ. "ಚೆಂದಾಗೈತೆ" ಎಂದು ವಾಪಸು ಕೊಟ್ಟಳು. ಮುಖಪುಟಕ್ಕೆ ಹಿಪ್ಪುನೇರಳೆ ಎಲೆಯೋ ಗೂಡೋ ಎಂದು ಕೇಳಿದರೆ, "ನಿಂಗೆ ಯಾವ್ದು ಚೆಂದ ಕಾಣ್ತದೋ ಅದು" ಅಂದಳು. ತಮ್ಮ ಪುಸ್ತಕದ ಮುಖಪುಟದ ವಿಚಾರಕ್ಕೆ ಕಂಡಕ್ಟರ್ ದಿನಾ ಡಿಪೋದಿಂದ ಫೋನ್ ಮಾಡಿ ನನ್ನ ಜೀವ ತಿನ್ನುತ್ತಿದ್ದ ಕಾಲ ಅದು.

ಮೂರೂ ಪುಸ್ತಕಗಳ ಬಿಡುಗಡೆ ರಾಮನಗರದ ಒಂದು ಶಾಲೆಯ ಸಭಾಂಗಣದಲ್ಲಿ ನಡೆಯಿತು. ಸೋದರಮಾವ ಇಸ್ತ್ರಿ ಪಂಚೆಯಲ್ಲಿ ಬಂದು ಮುಂದಿನ ಸಾಲಿನಲ್ಲೇ ಕುಳಿತ. "ನಮ್ಮ ಹುಡ್ಗೀರು, ಇಬ್ರೂ. ಚಿಕ್ಕೋರಿದ್ದಾಗ್ಲೇ ಅಂದಿದ್ದೆ ನಾನು" ಎಂದು ಗುರುತಿಲ್ಲದವರಿಗೆಲ್ಲ ಹೇಳುತ್ತಿದ್ದ. ಕಂಡಕ್ಟರ್ ಹೆಂಡತಿ ಮಾರಾಟದ ಮೇಜಿನ ಹಿಂದೆ ನಿಂತು, "ಒಳಗ್ಬನ್ನಿ, ಒಳಗ್ಬನ್ನಿ, ಹಿಂದೆ ಜಾಗ ಐತೆ" ಎಂದು ಜನರನ್ನು ನಗಿಸುತ್ತಿದ್ದರು.

ಪ್ರತಿ ಹೊಸ ಲೇಖಕರಿಗೂ ಮೇಡಂ ಒಂದು ಪ್ರಮಾಣಪತ್ರ ಕೊಡುತ್ತಿದ್ದರು. ಶಾಲು, ಹಣ್ಣಿನ ಬುಟ್ಟಿ ಅವರಿಗೆ ಆಗದು. ಓದಿದವರಿಗೆ ಒಂದು ಕಾಗದ ಕೊಡುತ್ತಾರೆ, ಬರೆದವರಿಗೂ ಒಂದಿರಲಿ ಎನ್ನುವುದು ಅವರ ವಾದ. ಅಕ್ಕನ ಸರದಿ ಬಂದಾಗ ಕಾಗದವನ್ನು ನನ್ನ ಕೈಗಿಟ್ಟು, "ನೀನು ಕೊಡಮ್ಮ" ಅಂದರು. ಅಕ್ಕನ ಹೆಸರಿನ ಮುಂದೆ ಲೇಖಕಿ ಎಂದಿತ್ತು. ಕೊಡುವ ಮುಂಚೆ ಎರಡು ಸಲ ಓದಿದೆ, ನನ್ನ ಡಿಗ್ರಿ ಕಾಗದವನ್ನೂ ಹಾಗೆ ಓದಿರಲಿಲ್ಲ. ಅಕ್ಕ ಎರಡೂ ಕೈಯಲ್ಲಿ ತೆಗೆದುಕೊಂಡಳು. ಜನ ಚಪ್ಪಾಳೆ ಹೊಡೆಯುವಾಗ ಅವಳು ನನ್ನನ್ನು ನೋಡಲಿಲ್ಲ, ಕಾಗದವನ್ನೂ ನೋಡಲಿಲ್ಲ. ನೇರ ಕೆಳಗಿಳಿದು ಹೋಗಿ ಅತ್ತೆಯ ಮಡಿಲಲ್ಲಿ ಅದನ್ನಿಟ್ಟು, ಪುಸ್ತಕವನ್ನೂ ಇಟ್ಟು, ಕಾಲು ಮುಟ್ಟಿದಳು. ನಾನು ಹಿಂದೆಯೇ ಹೋದೆ.

ಅತ್ತೆ ಪೆಟ್ಟಿಗೆಯಲ್ಲಿಟ್ಟ ಸೀರೆ ಉಟ್ಟು ಬಂದಿದ್ದರು. ಪ್ರಮಾಣಪತ್ರವನ್ನು ಸೆರಗಿನಿಂದ ಒರೆಸಿ ಪಕ್ಕದ ಕುರ್ಚಿಯ ಮೇಲಿಟ್ಟರು. ಆಮೇಲೆ ಪುಸ್ತಕ ತೆಗೆದುಕೊಂಡು ಮೊದಲಿನಿಂದ ಒಂದೊಂದೇ ಹಾಳೆ ಮಗುಚುತ್ತ ಹೋದರು. ಕೊನೆಗೆ ಬಂದು ಮತ್ತೆ ಮೊದಲಿಗೆ ಹೋದರು. ಅಕ್ಕ ಅವರ ಕಾಲ ಬಳಿಯೇ ಕುಕ್ಕರುಗಾಲಿನಲ್ಲಿ ಕುಳಿತಿದ್ದಳು. ಅತ್ತೆ ಅವಳನ್ನು ಬಿಟ್ಟು ನನ್ನನ್ನು ಹತ್ತಿರ ಕರೆದು, ಪುಸ್ತಕವನ್ನು ನನ್ನ ಕಡೆ ತಿರುಗಿಸಿ ಹಿಡಿದರು.

"ನಮ್ಮ ಕೂಸಿನ ಹಾಳೆ ಯಾವ್ದವ್ವ ಇದ್ರಲ್ಲಿ? ಅವತ್ತು ಪೂರಾ ಕೇಳಕ್ಕೆ ನನ್ ಕೈಲಿ ಆಗ್ನಿಲ್ಲ. ನಂಗೆ ಅಕ್ಷರ ಬರಾಕಿಲ್ಲ, ಒಸಿ ಬೆಟ್ಟು ಮಡಗಿ ತೋರ್ಸು."