ತೊಗಟೆ ಸುಲಿದ ಸೌದೆ

ಅಂಗಳಕ್ಕೆ ಸಗಣಿ ನೀರು ಹಾಕಿದೆ. ಬಾವಿಯಿಂದ ನೀರು ಸೇದಿ ಹಂಡೆ ತುಂಬಿಸಿದೆ. ರಾಗಿ ಕೇರಿದೆ, ಕೂಸಿನ ಬಟ್ಟೆ ಒಗೆದು ಹಗ್ಗದ ಮೇಲೆ ಹರವಿದೆ, ಮಜ್ಜಿಗೆ ಕಡೆದೆ. ಆಮೇಲೆ ಬಚ್ಚಲ ಒಲೆಗೆ ಹೊಸ ಸೌದೆ ಒಟ್ಟಿದೆ. ಅಲ್ಲಿಗೆ ಆ ದಿನದ ನೆಮ್ಮದಿ ಮುಗಿಯಿತು.

ಐವತ್ತರ ದಶಕದ ಕೊನೆ. ನಾವು ಮಧುಗಿರಿಯಲ್ಲಿದ್ದೆವು. ಅಮ್ಮ ತೀರಿಹೋಗಿದ್ದರಿಂದ ತಂಗಿಯ ಬಾಣಂತನ ನಮ್ಮ ಮನೆಯಲ್ಲೇ. ಬಚ್ಚಲಿಗೂ ಬಾಣಂತಿ ಕೋಣೆಗೂ ನಡುವೆ ಇದ್ದದ್ದು ಒಂದು ಮೋಟು ಗೋಡೆ. ಹೊಗೆಯೆಲ್ಲ ಅತ್ತಲೇ. ಅದಕ್ಕೇ ಜಾಲಿ, ಹುಣಸೆ ಬಿಟ್ಟು ಬೇರೆ ಸೌದೆ ಬೇಡವೆಂದು ಗಂಡನಿಗೆ ಹೇಳಿ ಹೇಳಿ ಸಾಕಾಗಿತ್ತು. ಹಿಂದಿನ ಸಂಜೆ ನಾನು ಕೆರೆಗೆ ಹೋಗಿದ್ದಾಗ ಪಾವಗಡದ ಕಡೆಯ ಗಾಡಿಯವನಿಂದ ಅವರೇ ಒಂದು ಗಾಡಿ ಸೌದೆ ಇಳಿಸಿಕೊಂಡಿದ್ದರು.

"ಅಕ್ಕಾ, ಕಣ್ಣಿಗೆ ಖಾರದಪುಡಿ ಎರಚ್ದಂಗೆ ಆಗ್ತೈತೆ!" ತಂಗಿ ಒಳಗಿಂದ ಚೀರಿದಳು.

ಓಡಿದೆ. ಕೂಸಿನ ರೆಪ್ಪೆಗಳು ಊದಿ ಮುಚ್ಚಿಕೊಂಡಿದ್ದವು. ಇಬ್ಬರನ್ನೂ ಪಡಸಾಲೆಗೆ ಸಾಗಿಸಿ, ರೆಪ್ಪೆಗೆ ಹರಳೆಣ್ಣೆ ಸವರಿ, ಒಲೆಗೆ ನೀರು ಸುರಿದೆ.

ಆಮೇಲೆ ರಾಶಿಯ ಮುಂದೆ ಕೂತೆ. ಜಾಲಿಯ ತೊಗಟೆ ಕಪ್ಪಗೆ, ಉದ್ದುದ್ದ ಸೀಳಿರುತ್ತದೆ. ಹುಣಸೆಯದು ಬಿಲ್ಲೆ ಬಿಲ್ಲೆಯಾಗಿ ಒಡೆದಿರುತ್ತದೆ. ಕತ್ತಲಲ್ಲಿ ಮುಟ್ಟಿದರೂ ಗೊತ್ತಾಗುತ್ತದೆ. ಇಲ್ಲಿ ಒಂದಕ್ಕೂ ತೊಗಟೆಯಿಲ್ಲ, ಎಲ್ಲವೂ ಬೋಳು. ಮಚ್ಚು ತಂದು ತುದಿ ಕೆತ್ತಿದೆ. ಕೆಂಪು ತಿರುಳಿನದು ಜಾಲಿ. ಹಳದಿಯ ನಡುವೆ ಕಪ್ಪು ಚೇಗು ಇದ್ದದ್ದು ಹುಣಸೆ. ಮಧ್ಯೆ ಮಧ್ಯೆ, ಬೆಂಡಿನಂತೆ ಹಗುರವಾದ, ಎಳೆಯೂ ಕಾಣದ ಬಿಳಿ ತುಂಡುಗಳು. ಬೇಲಿಯ ಕಳ್ಳಿ! ಹಾಲು ಸಿಡಿದರೆ ಕಣ್ಣೇ ಹೋದೀತೆಂದು ಕುರಿ ಕಾಯುವವರೂ ಹೆದರುವ ಕಳ್ಳಿ. ಹಸಿರು ತೊಗಟೆ ಇದ್ದಿದ್ದರೆ ಬೀದಿಯ ಮಕ್ಕಳೂ ಗುರುತು ಹೇಳುತ್ತಿದ್ದರು.

ಎರಡು ತುಂಡು ಹಿಡಿದು ಸಂತೆ ಮೈದಾನಕ್ಕೆ ನಡೆದೆ. ಗಾಡಿಯವನು ಎತ್ತುಗಳಿಗೆ ಹುಲ್ಲು ಹಾಕುತ್ತಿದ್ದ.

"ಏನ್ಲಾ, ನಿನ್ನ ಹೆಂಡ್ರ ಬಾಣಂತನಕ್ಕೂ ಕಳ್ಳಿನೇ ಉರಿಸಿದ್ಯಾ?"

"ಅಯ್ಯೋ, ಲೇದಮ್ಮಾ, ಇಲ್ಲ ಇಲ್ಲ! ಬಾಣಂತಿ ಮನೆ ಅಂತ ನಂಗ್ಯಾರು ಯೋಳಿದ್ರು?"

"ತೊಗಟೆ ಯಾಕ್ಲಾ ಸುಲಿದೆ? ಮೋಸ ಮುಚ್ಚಾಕಾ?"

"ನಿಮ್ ಯಜಮಾನ್ರೇ ಹೋದ ಸಂತೇಲಿ ಯೋಳಿದ್ರು, ತೊಗಟೆ ಇದ್ರೆ ಗೆದ್ಲು ಹತ್ತುತ್ತೆ, ಸುಲ್ಕೊಂಡು ಬಾ ಅಂತ. ಸುಲಿದ್ಮ್ಯಾಕೆ ಎಲ್ಲಾ ಒಂದೇ ತರ ಕಂಡ್ವು. ಬೇಲಿ ಕಡಿದಿದ್ದೂ ಇತ್ತಲ್ಲ, ಸೇರಿಸ್ಬುಟ್ಟೆ."

ನಾಚಿಕೆಯಿಲ್ಲದೆ ಹೇಳಿದ. ಅವನ ಮೇಲಿನ ಕೋಪ ಒಂದಿಷ್ಟೂ ಇಳಿಯಲಿಲ್ಲ, ಗಂಡನ ಮೇಲೆ ಇನ್ನೊಂದಷ್ಟು ಹುಟ್ಟಿತು. ಗಾಡಿ ಕಟ್ಟಿಸಿ ಅವನನ್ನು ಮನೆಗೇ ಕರೆತಂದೆ. ಗಂಡ ಆಗತಾನೆ ಬಂದು ಚಪ್ಪಲಿ ಬಿಡುತ್ತಿದ್ದರು.

"ಗೆದ್ಲಿಗೆ ಹೆದರಿದ್ರಂತೆ! ಕೂಸಿನ ಕಣ್ಣು ನೋಡ್ಬನ್ನಿ ಒಳಗೆ."

ನೋಡಿ ಬಂದವರ ಮುಖ ಇಳಿದಿತ್ತು. "ಸೌದೆ ಚೊಕ್ಕಟವಾಗಿರ್ಲಿ ಅಂದೆ ಕಣೆ."

"ಒಲೆಗಿಡೋ ಸೌದೆಗೆ ಕ್ಷೌರ ಬೇರೆ ಮಾಡಿಸ್ಬೇಕಿತ್ತಾ?"

ಗಾಡಿಯವನು ಕಿಸಕ್ಕೆಂದ.

"ನೀನು ಹಲ್ಲು ಕಿರೀಬ್ಯಾಡ. ಹೊರು!"

ಒಂದೊಂದರ ತುದಿಯನ್ನೂ ನಾನು ಕೆತ್ತಿ ನೋಡಿದೆ. ಕಳ್ಳಿಯೆಂದು ಎಸೆದದ್ದನ್ನು ಅವರಿಬ್ಬರೂ ಗಾಡಿಗೆ ಹೊತ್ತರು. ಕೂರಲು ಬಿಡಲಿಲ್ಲ. "ಇದು ಜಾಲಿ ತಾನೆ?" ಎಂದು ಗಂಡ ಒಂದು ತುಂಡು ಎತ್ತಿ ತೋರಿಸಿದರು. "ನೀವು ಹೊರಿ, ಸಾಕು" ಎಂದೆ. ಅದು ಜಾಲಿಯೇ ಆಗಿತ್ತು. ಹೇಳಲಿಲ್ಲ.

ಗಾಡಿ ಹೋಗುವಾಗ ದೀಪ ಹಚ್ಚುವ ಹೊತ್ತು. ಮತ್ತೆ ಒಲೆ ಹೊತ್ತಿಸಲು ಅವತ್ತು ನನಗೆ ಧೈರ್ಯ ಬರಲಿಲ್ಲ. ತಂಗಿಗೆ ಪಕ್ಕದ ಮನೆಯವರು ಬಿಸಿ ಅನ್ನ, ಬೆಳ್ಳುಳ್ಳಿ ಸಾರು ಕೊಟ್ಟರು. ಕೂಸು ಮೊದಲು ಒಂದು ಕಣ್ಣು ಬಿಟ್ಟಿತು, ಎಷ್ಟೋ ಹೊತ್ತಿನ ಮೇಲೆ ಇನ್ನೊಂದನ್ನೂ ಬಿಟ್ಟು ದೀಪದ ಕಡೆ ನೋಡಿತು. ತಂಗಿ ಅತ್ತಳು. ನಾನೂ ಗಂಡನೂ ತಂಗಳು ಮುದ್ದೆಯನ್ನು ಮಜ್ಜಿಗೆಗೆ ಕಿವುಚಿ, ಈರುಳ್ಳಿ ಕಚ್ಚಿಕೊಂಡು ಕುಡಿದೆವು. ಕೂಸು ಎಲ್ಲರಿಗಿಂತ ಮೊದಲು ಮಲಗಿತು.