ಮುನಿಗಂಗಪ್ಪ ಓದಿದ ಗೋಡೆ

1959ರಲ್ಲಿ ಮೊದಲ ನೌಕರಿಗೆಂದು ಚಿಂತಾಮಣಿಗೆ ಬಂದಾಗ ನನಗೆ ತೆಲುಗು ಬರುತ್ತಿರಲಿಲ್ಲ. ನಾಗಮಂಗಲದ ಕಡೆಯವನು ನಾನು. ಮೈಸೂರು ಸೀಮೆಯಲ್ಲಿ ಕನ್ನಡವೊಂದಿದ್ದರೆ ಸಾಲದೇ ಎಂಬ ಜಂಬ ಬೇರೆ. ಆ ಜಂಬ ಒಬ್ಬ ಹೆಂಗಸಿನ ಮನೆಯನ್ನೇ ಕಳೆಯುವುದರಲ್ಲಿತ್ತು. ಅದನ್ನು ಉಳಿಸಿಕೊಟ್ಟವರು ಸುಣ್ಣ ಬಳಿಯುವ ಮುನಿಗಂಗಪ್ಪನವರು. ಆಗ ಎಲ್ಲರಂತೆ ನಾನೂ ಅವರನ್ನು ‘ಅವನು’ ಎನ್ನುತ್ತಿದ್ದೆ. ಈಗ ಹಾಗೆ ಬರೆಯಲು ಕೈ ಬರುವುದಿಲ್ಲ. ನಾನು ಗುಮಾಸ್ತನಾಗಿದ್ದ ಕಚೇರಿ ಯಾವುದೆಂದು ಹೇಳುವುದಿಲ್ಲ. ತಪ್ಪು ನನ್ನದು, ಕಚೇರಿಯದಲ್ಲ.

ಮಂಡಿಯ ಹಿಂದೆ ಒಂದು ಉಪ್ಪುನೀರಿನ ಬಾವಿ. ಅದರೆದುರಿಗೆ, ಎರಡು ಓಣಿಗಳ ನಡುವೆ, ಗೋಡೆಗೆ ಗೋಡೆ ಅಂಟಿಕೊಂಡ ಹನ್ನೊಂದು ಮನೆಗಳು. ಬಾವಿ ಸಾಲು ಎಂದು ಕರೆಯುತ್ತಿದ್ದರು. ಎಲ್ಲ ಮನೆಗಳಿಗೂ ಒಂದೇ ಎತ್ತರದ ಜಗುಲಿ, ಒಂದೇ ಥರದ ಬಾಗಿಲು. ಇದ್ದವರು ಹೆಚ್ಚುಕಡಿಮೆ ಎಲ್ಲರೂ ಬಾಡಿಗೆಯವರೇ. ಮಂಡಿಯಲ್ಲಿ ಬರೆಯುವವರು, ಮೇಷ್ಟ್ರುಗಳು, ಮೇಲೂರಿನ ಕಡೆ ರೇಷ್ಮೆಗೂಡು ಕೊಂಡು ಶಿಡ್ಲಘಟ್ಟಕ್ಕೆ ಸಾಗಿಸುವವರು. ಮೂರು ವರ್ಷ ಒಂದು ಸಂಸಾರ ನಿಂತರೆ ಅದೇ ದೊಡ್ಡದು. ವರ್ಗವಾಗಿಯೋ, ಮನೆಯೊಡೆಯರ ಜೊತೆ ಜಗಳವಾಡಿಕೊಂಡೋ ಗಂಟುಮೂಟೆ ಕಟ್ಟುತ್ತಿದ್ದರು, ಮರುವಾರ ಇನ್ನೊಬ್ಬರು ಹಾಲುಕ್ಕಿಸುತ್ತಿದ್ದರು. ಹತ್ತು ವರ್ಷದ ಹಿಂದೆ ಪಕ್ಕದ ಮನೆಯಲ್ಲಿ ಯಾರಿದ್ದರು ಎಂದು ಕೇಳಿದರೆ ಆ ಸಾಲಿನಲ್ಲಿ ಯಾರಿಗೂ ಗೊತ್ತಿರಲಿಲ್ಲ.

ಗೊತ್ತಿದ್ದದ್ದು ಮುನಿಗಂಗಪ್ಪನವರಿಗೆ. ಮೂವತ್ತು ವರ್ಷದಿಂದ ಪ್ರತಿ ಯುಗಾದಿಗೆ ಮುಂಚೆ ಆ ಹನ್ನೊಂದು ಮನೆಗಳ ಒಳಗೂ ಹೊರಗೂ ಸುಣ್ಣ ಬಳಿದವರು ಅವರು. ಓದು ಬರಹ ಇಲ್ಲ. ಮನೆಗೊಂದು ಬಣ್ಣದ ಹುಚ್ಚು ಇರುತ್ತಿತ್ತು. ಒಬ್ಬರಿಗೆ ಸುಣ್ಣಕ್ಕೆ ಚಿಟಿಕೆ ನೀಲಿ ಬೇಕು, ಇನ್ನೊಬ್ಬರಿಗೆ ಹಳದಿ, ಮತ್ತೊಬ್ಬರಿಗೆ ಹಾಲಿನಂಥ ಬಿಳಿಯೇ ಆಗಬೇಕು. ಯಾರು ಯಾವ ಬಣ್ಣ ಹೇಳಿದರು ಎಂಬುದರ ಮೇಲೆ ಅವರಿಗೆ ಸಂಸಾರಗಳ ನೆನಪು. “ಒಂದನೇ ಮನೇಲಿ ಸಾವಿತ್ರಮ್ಮ ಮೇಷ್ಟ್ರಮ್ಮ ಇದ್ರಲ್ಲ, ಒಂದ್ ಗೋಡೆ ಬಿಟ್ಬುಡಪ್ಪ, ಮಕ್ಳಿಗೆ ಸೀಮೆಸುಣ್ಣದಲ್ಲಿ ಬರ್ಸ್ತೀನಿ ಅನ್ನೋರು” ಎಂದು ಶುರುಮಾಡಿದರೆ, ಆಯಮ್ಮ ಬಂದದ್ದು, ಹೋದದ್ದು, ಹೋಗುವಾಗ ಅತ್ತದ್ದು ಎಲ್ಲವೂ ಬರುತ್ತಿತ್ತು. ನಾಲ್ಕನೇ ಮನೆಯ ಕಮಲಮ್ಮನವರು ಬಾಗಿಲ ಪಕ್ಕದಲ್ಲಿ ಮಕ್ಕಳನ್ನು ನಿಲ್ಲಿಸಿ ವರ್ಷಕ್ಕೊಂದು ಗೀಟು ಹಾಕುತ್ತಿದ್ದರಂತೆ. ಆ ಗೀಟುಗಳನ್ನು ಉಳಿಸಿ ಸುತ್ತಲೂ ಬಳಿಯುವುದಕ್ಕೆ ಅರ್ಧ ದಿನ ಹಿಡಿಯುತ್ತಿತ್ತು, ಅದಕ್ಕಾಗಿ ಬೇರೆ ಕೂಲಿ ಕೇಳಿದವರಲ್ಲ. ಆ ಸಂಸಾರ ಹೋದ ಮೇಲೆ ಬಂದವರು ಅಳಿಸು ಎಂದಾಗ, “ನಿಜವಾಗ್ಲೂ ಅಳಿಸ್ಲಾ ತಾಯಿ?” ಎಂದು ಎರಡು ಸಲ ಕೇಳಿ ಆಮೇಲೆ ಕುಂಚ ಎತ್ತಿದರಂತೆ. ಇಂಥ ಕೆಲಸಗಾರರನ್ನು ನಾನು ಬೇರೆಲ್ಲೂ ನೋಡಲಿಲ್ಲ.

ಇನ್ನು ನನ್ನ ದಡ್ಡತನ. ಕಚೇರಿಯಿಂದ ನನ್ನನ್ನು ಮನೆಗಳ ಪಟ್ಟಿ ಬರೆಯಲು ಕಳಿಸಿದರು. ಮನೆಗೊಂದು ಸಾಲು, ಅದರಲ್ಲಿ ಮಾಲೀಕರ ಹೆಸರು, ಸ್ವಂತವೋ ಬಾಡಿಗೆಯೋ, ಅಷ್ಟೆ. ಬಾವಿ ಸಾಲಿಗೆ ಹೋದ ದಿನ ಆರನೇ ಮನೆಯ ಜಗುಲಿಯ ಮೇಲೆ ಆರೇಳು ವರ್ಷದ ಹುಡುಗಿಯೊಬ್ಬಳು ಕವಡೆ ಆಡುತ್ತಿದ್ದಳು. ಮನೆಯೊಡತಿ ಅಶ್ವತ್ಥಮ್ಮನವರು ಕೈವಾರಕ್ಕೆ ಹೋಗಿದ್ದರು.

“ಇದು ಯಾರ ಮನೆ ಮಗು?”

“ಪೆದ್ದಮ್ಮ ಇಲ್ಲು.”

ಇಲ್ಲು ಎಂದರೆ ಮನೆ ಎಂಬಷ್ಟು ತೆಲುಗು ಅಷ್ಟರಲ್ಲಿ ಕಲಿತಿದ್ದೆ. ಅಷ್ಟು ಕಲಿತದ್ದೇ ಕೆಟ್ಟದ್ದಾಯಿತು. “ಸ್ವಂತದ್ದಾ?” ಎಂದೆ. ಹುಡುಗಿ ತಲೆಯಾಡಿಸಿದಳು. ದುಂಡಗೆ ಬರೆದುಕೊಂಡೆ: ‘ಆರನೇ ಮನೆ, ಪೆದ್ದಮ್ಮ, ಸ್ವಂತ.’ ತೆಲುಗಿನಲ್ಲಿ ಪೆದ್ದಮ್ಮ ಎಂದರೆ ದೊಡ್ಡಮ್ಮ, ಆ ಹುಡುಗಿ ಅಶ್ವತ್ಥಮ್ಮನವರ ತಂಗಿಯ ಮಗಳು, ಇದೆಲ್ಲ ನನಗೇನು ಗೊತ್ತು? ಪೆದ್ದಮ್ಮ ಎಂಬುದನ್ನು ಹೆಸರಾಗಿಯೂ ಇಡುತ್ತಾರೆ, ಅದಕ್ಕೇ ಕಚೇರಿಯಲ್ಲಿ ಯಾರಿಗೂ ಅನುಮಾನ ಬರಲಿಲ್ಲ.

ಪಟ್ಟಿಯನ್ನು ಕಚೇರಿಯ ಗೋಡೆಗೆ ಅಂಟಿಸಿದೆವು. ತಕರಾರಿದ್ದವರು ಮೂವತ್ತು ದಿನದೊಳಗೆ ಹೇಳಬೇಕಿತ್ತು. ಇಪ್ಪತ್ತನೇ ದಿನ ಗೌರಿಬಿದನೂರಿನಿಂದ ನರಸಿಂಹಪ್ಪ ಎಂಬವರ ಅರ್ಜಿ ಬಂತು. ಪಟ್ಟಿಯಲ್ಲಿರುವ ಪೆದ್ದಮ್ಮ ತೀರಿಹೋದ ನಮ್ಮ ಅತ್ತೆ, ಅವರಿಗೆ ಒಬ್ಬಳೇ ಮಗಳು, ಅವಳು ನನ್ನ ಹೆಂಡತಿ, ಆದ್ದರಿಂದ ಆ ಮನೆ ನಮಗೆ ಸೇರಬೇಕು ಎಂದು ಬರೆದಿದ್ದರು. ಆ ಹೆಸರಿನ ಹೆಂಗಸು ಹಿಂದೆ ಬಾವಿ ಸಾಲಿನಲ್ಲಿ ಇದ್ದದ್ದೂ ನಿಜವೇ.

ಸುದ್ದಿ ಮುಟ್ಟಿದ ದಿನ ಅಶ್ವತ್ಥಮ್ಮನವರು ಕಚೇರಿಗೆ ಬಂದು ನನ್ನ ಮೇಜಿನ ಮುಂದೆ ನಿಂತರು. “ಆ ಮನೆ ನಮ್ಮ ಯಜಮಾನ್ರು ಕಲ್ಲು ಹೊತ್ತು ಕಟ್ಟಿದ್ದು ಕಣಪ್ಪ ವರದರಾಜ. ಕೋನಪ್ಪ ಅಂದ್ರೆ ಆಗ ಎಲ್ರಿಗೂ ಗೊತ್ತಿತ್ತು. ಅವ್ರು ಹೋದ್ರು, ಕಾಗ್ದ ಗೆದ್ಲು ತಿಂತು. ಅದ್ಬಿಟ್ರೆ ನಂಗೆ ಹೋಗಕ್ಕೆ ಜಾಗ ಇಲ್ಲ. ಆ ಪೆದ್ದಮ್ಮ ಯಾರು? ನಮ್ ತಂಗಿ ಮಕ್ಳು ನನ್ನೇ ಪೆದ್ದಮ್ಮ ಅಂತಾರೆ, ಇನ್ಯಾರನ್ನೂ ಕಾಣೆ.”

ಆಗಿದ್ದೇನು ಎಂದು ಆ ಕ್ಷಣವೇ ತಿಳಿಯಿತು. ಆದರೂ ಬಾಯಿ ಬಿಡಲಿಲ್ಲ. ನೌಕರಿ ಇನ್ನೂ ಕಾಯಂ ಆಗಿರಲಿಲ್ಲ. “ಸಾಹೇಬರು ಸ್ಥಳಕ್ಕೆ ಬಂದು ನೋಡ್ತಾರೆ ಬಿಡಿ ಅಮ್ಮ” ಎಂದು ಕಳಿಸಿಬಿಟ್ಟೆ. ಇದನ್ನು ಬರೆಯುವಾಗ ಈಗಲೂ ನಾಚಿಕೆಯಾಗುತ್ತದೆ.

ಸಾಹೇಬರು ಬಂದ ದಿನ ಆರನೇ ಮನೆಯ ಮುಂದೆ ಇಡೀ ಸಾಲು ನೆರೆದಿತ್ತು. ಎಲ್ಲರೂ ಈಚೆಗೆ ಬಂದವರು. ಅಶ್ವತ್ಥಮ್ಮನವರು ಇಲ್ಲೇ ಇದ್ದಾರೆ ಎನ್ನುವರೇ ಹೊರತು, ಮಾಲೀಕರಾಗಿಯೋ ಬಾಡಿಗೆಗೋ ಎಂದರೆ ತಿಳಿಯದು ಎನ್ನುವರು. ನರಸಿಂಹಪ್ಪ ಬಿಳಿ ಪಂಚೆ ಉಟ್ಟು ಬಂದಿದ್ದರು. ಅವರೇನೂ ಮೋಸಗಾರರಲ್ಲ, ನನ್ನ ಅಕ್ಷರ ನಂಬಿ ಬಂದವರು.

“ನಮ್ಮತ್ತೆ ಮೂರು ವರ್ಷ ಇದ್ರು ಸ್ವಾಮಿ ಇಲ್ಲಿ. ನಮ್ಮನೇವ್ಳಿಗೆ ಚೆನ್ನಾಗಿ ಗ್ಯಾಪ್ಕ ಐತೆ. ಒಳಗೆ ಗೋಡೆ ಪೂರ್ತಿ ಹಸುರಂತೆ” ಎಂದರು.

ಒಂಬತ್ತನೇ ಮನೆಗೆ ಬಳಿಯುತ್ತಿದ್ದ ಮುನಿಗಂಗಪ್ಪನವರು ಅಷ್ಟರಲ್ಲಿ ಕೈ ಒರೆಸಿಕೊಳ್ಳುತ್ತ ಬಂದು ನಿಂತಿದ್ದರು. “ಹಸುರು ಅಂದಿದ್ದು ದಿಟ ಸ್ವಾಮಿ” ಎಂದರು. “ಕಣ್ಣಿಗೆ ತಂಪು ಅಂತ ಪೆದ್ದಮ್ಮನೋರು ಹೇಳಿ ಬಳಿಸ್ಕೊಂಡ್ರು. ಮೂರು ಯುಗಾದಿ ನಾನೇ ಬಳ್ದಿದೀನಿ. ಆದ್ರೆ ಈ ಮನೇಗಲ್ಲ, ಪಕ್ಕದ್ದಕ್ಕೆ. ಏಳನೇದ್ರಲ್ಲಿ ಬಾಡಿಗೇಗಿದ್ರು ಆಯಮ್ಮ.”

“ಅದನ್ನು ಹೇಗಪ್ಪ ನಂಬೋದು?” ಎಂದರು ಸಾಹೇಬರು.

“ನನ್ ಮಾತು ನಂಬ್ಬೇಡಿ. ಗೋಡೆ ನೋಡಿ.”

ಮುನಿಗಂಗಪ್ಪನವರು ಮೊದಲು ಆರನೇ ಮನೆಯ ನಡುಮನೆಗೆ ಹೋದರು. ಕರಣೆಯ ಅಂಚಿನಿಂದ ಅಂಗೈಯಗಲ ಕೆರೆದರು. ಸುಣ್ಣ ಪದರಪದರವಾಗಿ ಎದ್ದುಬಂತು. ಎಲ್ಲವೂ ನೀಲಿ ಬೆರೆತ ಬಿಳಿ, ಕೆಳಗಿನ ಮಣ್ಣಿನವರೆಗೂ. “ಕೋನಪ್ಪನೋರಿಗೆ ನೀಲಿ ಬಿಟ್ರೆ ಬೇರೆ ಆಗ್ತಿರ್ಲಿಲ್ಲ. ಮನೆ ಕಟ್ದಾಗಿಂದ ಬಣ್ಣ ಬದ್ಲಾಗಿಲ್ಲ. ಜನ ಬದ್ಲಾಗಿದ್ರೆ ಬಣ್ಣಾನೂ ಬದ್ಲಾಗ್ತಿತ್ತು ಸ್ವಾಮಿ” ಎಂದರು.

ಆಮೇಲೆ ಏಳನೇ ಮನೆ. ಅಲ್ಲಿ ಕೆರೆಯುತ್ತ ಹೋದಂತೆ ಒಂದೊಂದು ಪದರಕ್ಕೂ ಅದರವರ ಗುರುತು ಹೇಳಿದರು. ಬಿಳಿ, ಈಗಿರುವ ಮಂಡಿಯವರದು. ಹಳದಿ, ಮಗಳ ಮದುವೆ ಮಾಡಿ ಊರು ಬಿಟ್ಟ ಬಟ್ಟೆ ಅಂಗಡಿಯವರದು. ಮತ್ತೆ ಬಿಳಿ, ಒಂದೇ ವರ್ಷ ಇದ್ದ ಕಂಪೌಂಡರ್ ಒಬ್ಬರದು. ಅದರ ಕೆಳಗೆ ಹಸಿರು. ಇನ್ನೂ ಕೆರೆದರೆ ಹಸಿರು, ಮತ್ತೂ ಹಸಿರು. ಸರಿಯಾಗಿ ಮೂರು ಪದರ. ಜನರೆಲ್ಲ ಕತ್ತು ಚಾಚಿ ನೋಡುತ್ತಿದ್ದರು. ಹಗಲೆಲ್ಲ ಕಾಗದ ಬರೆದು ಬದುಕುವ ನಾನು ಒಂದು ಮಾತನ್ನು ಸರಿಯಾಗಿ ಕೇಳಿಸಿಕೊಂಡಿರಲಿಲ್ಲ. ಅಕ್ಷರ ಬಾರದ ಈ ಮನುಷ್ಯ ಅಷ್ಟೂ ವರ್ಷಗಳನ್ನು ತಪ್ಪಿಲ್ಲದೆ ಓದಿ ಹೇಳಿದರು.

ಆದರೆ ಅಲ್ಲಿಗೆ ಮುಗಿಯಲಿಲ್ಲ. “ಗೋಡೇನ ಕಚೇರಿಗೆ ಹೊತ್ಕೊಂಡು ಹೋಗಕ್ಕಾಗಲ್ಲ. ಬರಹದಲ್ಲಿ ಸಾಕ್ಷಿ ಬೇಕು, ಹೇಳೋನು ಈ ಬೀದಿಯ ವಾಸಿಯೇ ಆಗಿರ್ಬೇಕು” ಎಂದರು ಸಾಹೇಬರು. “ಎಲ್ಲಪ್ಪ ನಿನ್ನ ಮನೆ?”

“ಇಲ್ಲೇ ಸ್ವಾಮಿ. ಬಾವಿ ಹಿಂದೆ, ಸುಣ್ಣದ ಗುಂಡಿ ಪಕ್ಕ.”

ಸಾಹೇಬರು ನನ್ನ ಕಡೆ ತಿರುಗಿದರು. ನಾನು ಪಟ್ಟಿ ತಿರುವಿದೆ. ಇರಲಿಲ್ಲ. ಗುಂಡಿಯ ಪಕ್ಕದ ಗುಡಿಸಲನ್ನು ಅಂದು ನೋಡಿದ್ದೆ, ಸುಣ್ಣ ಇಡುವ ಜಾಗ ಎಂದುಕೊಂಡು ಮುಂದೆ ಹೋಗಿದ್ದೆ. ಅದರಲ್ಲಿ ಒಂದು ಸಂಸಾರ ಇದ್ದೀತು ಎಂದು ಬಾಗಿ ನೋಡಿರಲಿಲ್ಲ.

“ಪಟ್ಟೀಲಿ ಮನೇನೇ ಇಲ್ದೋನು ಸಾಕ್ಷಿ ಹೇಳಾದೇನು?” ಎಂದರು ನರಸಿಂಹಪ್ಪ.

ಮುನಿಗಂಗಪ್ಪನವರು ಕರಣೆಗೆ ಹತ್ತಿದ ಸುಣ್ಣ ಒರೆಸುತ್ತ ತಲೆ ತಗ್ಗಿಸಿದರು. ಅಶ್ವತ್ಥಮ್ಮನವರು ಗೋಡೆಗೆ ಕೈ ಊರಿಕೊಂಡು ಕುಸಿದು ಕೂತರು. ಇನ್ನು ಸುಮ್ಮನಿರಲು ನನ್ನಿಂದ ಆಗಲಿಲ್ಲ. ದೊಡ್ಡಮ್ಮ ಎಂಬ ಮಾತನ್ನು ಹೆಸರೆಂದು ಬರೆದದ್ದನ್ನು, ಗೊತ್ತಾದ ಮೇಲೂ ಮುಚ್ಚಿಟ್ಟದ್ದನ್ನು, ಮುನಿಗಂಗಪ್ಪನವರ ಮನೆಯನ್ನು ಪಟ್ಟಿಯಲ್ಲಿ ಬಿಟ್ಟದ್ದನ್ನು ಎಲ್ಲರೆದುರು ಹೇಳಿಬಿಟ್ಟೆ. ಜಗುಲಿಯ ಮೇಲೆ ಕೂತು ಅದನ್ನೇ ಬರೆದು ಸಹಿ ಹಾಕಿದೆ. ಸಾಹೇಬರು ಚೆನ್ನಾಗಿ ಉಗಿದರು. ನನ್ನ ನೌಕರಿ ಕಾಯಂ ಆಗುವುದು ಎರಡು ವರ್ಷ ತಡವಾಯಿತು. ಆರನೇ ಮನೆಯ ಮುಂದೆ ಅಶ್ವತ್ಥಮ್ಮ ಎಂಬ ಹೆಸರು ಬಂತು.

ನರಸಿಂಹಪ್ಪನವರಿಗೆ ಕೊನೆಗೆ ನಂಬಿಕೆ ಬಂತು. ಏಳನೇ ಮನೆಯ ಗೋಡೆಯ ಹಸಿರನ್ನು ಬೆರಳಲ್ಲಿ ಮುಟ್ಟಿ ನೋಡಿ, “ಒಂದು ಚೂರು ಕೊಡ್ತೀಯೇನಪ್ಪ, ನಮ್ಮನೇವ್ಳಿಗೆ ತೋರಿಸ್ತೀನಿ” ಎಂದರು. ಮುನಿಗಂಗಪ್ಪನವರು ಮುರಿಯದಂತೆ ಎಬ್ಬಿಸಿ ಎಲೆಯಲ್ಲಿ ಸುತ್ತಿ ಕೊಟ್ಟರು.

ಅಂದು ಸಂಜೆ ಪಟ್ಟಿ ಹಿಡಿದು ಗುಂಡಿಯ ಪಕ್ಕದ ಮನೆಗೆ ಹೋದೆ. ಅವರ ಹೆಂಡತಿ ಆಂಜಿನಮ್ಮ ಅಂಗಳದಲ್ಲಿ ಸುಣ್ಣ ಸೋಸುತ್ತಿದ್ದರು. ಸುಣ್ಣ ತಿಂದು ಅವರ ಬೆರಳ ಸಂದುಗಳೆಲ್ಲ ಒಡೆದಿದ್ದವು.

“ಹನ್ನೆರಡನೇ ಮನೆ ಬರ್ಕೋಬೇಕು. ನಿಮ್ಮ ಹೆಸರೇ ತಾನೆ?” ಎಂದೆ.

ಮುನಿಗಂಗಪ್ಪನವರು ಹೆಂಡತಿಯ ಕಡೆ ನೋಡಿದರು. “ಆಂಜಿನಮ್ಮ ಅಂತ ಬರ್ಕಳಿ ಸ್ವಾಮಿ.”

“ನೀವಿರುವಾಗ ಅವರ ಹೆಸರು ಯಾಕೆ?”

“ಕೋನಪ್ಪನೋರು ಇರಗಂಟ ಅವ್ರ ಹೆಸ್ರೇ ಸಾಕಾಗಿತ್ತು. ಅವ್ರು ಹೋದ್ಮೇಲೆ ತಾನೆ ಆಯಮ್ಮ ನಾನ್ಯಾರು ಅಂತ ಹತ್ ಜನದ ಮುಂದೆ ಹೇಳ್ಬೇಕಾಗಿ ಬಂದಿದ್ದು. ನಾನೂ ಎಷ್ಟ್ ದಿನ ಇರ್ತೀನಿ. ಇವ್ಳಿಗೆ ಆ ಗತಿ ಬ್ಯಾಡ.”

ಬರೆದೆ. ಆಂಜಿನಮ್ಮ ಸೋಸುವುದನ್ನು ಬಿಟ್ಟು ಎದ್ದು ಬಂದರು. ಕೈಯನ್ನು ಸೆರಗಿಗೆ ಒರೆಸಿಕೊಂಡು ಪಟ್ಟಿಯ ಮೇಲೆ ಬಗ್ಗಿದರು.

“ಎಲ್ಲೈತಪ್ಪ ನನ್ ಹೆಸ್ರು? ತೋರ್ಸು” ಎಂದರು.

ತೋರಿಸಿದೆ.