ಕ್ಲಿಪ್ ಬುಟ್ಟಿಯ ಬಾಣಂತಿ

ನಮ್ಮ ಮನೆಯಲ್ಲಿ ಸೋಮವಾರ ಬಟ್ಟೆ ಒಗೆಯುವ ದಿನ. ಮಳೆ ಬರಲಿ, ಹಿಮ ಬೀಳಲಿ, ಅದರಲ್ಲಿ ಬದಲಾವಣೆ ಇಲ್ಲ. (ಆಸ್ಪತ್ರೆಯಲ್ಲಿ ವಾರ್ಡ್ ಸಿಸ್ಟರ್ ಆಗಿದ್ದವಳು ನಾನು. ನಿವೃತ್ತಿ ಸಿಕ್ಕಿದ್ದು ಕೆಲಸಕ್ಕೆ, ಶಿಸ್ತಿಗಲ್ಲ.)

ಕಳೆದ ತಿಂಗಳ ಒಂದು ಸೋಮವಾರ ಮಧ್ಯಾಹ್ನ ಬಾಲ್ಕನಿಯ ಬಾಗಿಲು ತೆರೆದರೆ, ಬಟ್ಟೆ ಕ್ಲಿಪ್ಪುಗಳ ಬುಟ್ಟಿಯಲ್ಲಿ ಪಾರಿವಾಳ! ಉಶ್ ಎಂದೆ. ಕದಲಲಿಲ್ಲ. ಟವೆಲ್ ಬೀಸಿದೆ. ಒಂದೇ ಕಣ್ಣಿನಲ್ಲಿ ನನ್ನನ್ನು ನೋಡಿ, ತುಸು ಸರಿದು ಕೂತಿತು. ಹೊಟ್ಟೆಯಡಿ ಎರಡು ಬಿಳಿ ಮೊಟ್ಟೆ.

ಪೊರಕೆ ತರಲು ಒಳಗೆ ಬಂದೆ. ಪೇಪರ್ ಓದುತ್ತಿದ್ದ ನನ್ನ ಯಜಮಾನರು ಎದ್ದು ಬಾಗಿಲಿಗೆ ಅಡ್ಡ ನಿಂತರು. ಬಿಜಾಪುರದವರು, ನಿಂತರೆ ನಿಂತಂತೆಯೇ.

“ಏ, ಬಾಣಂತಿ ಅದಾಳ. ಬಾಣಂತೀನ್ನ ಮನಿಯಿಂದ ಹೊರಗ ಹಾಕ್ತೀಯೇನ?”

“ರೀ, ನನ್ನ ಕ್ಲಿಪ್ಪೆಲ್ಲಾ ಅದರ ಕೆಳಗಿದೆ! ಬಟ್ಟೆ ಎಲ್ಲಿ ಒಣಗಿಸಲಿ?”

“ಒಳಗ ಹರವು. ಮ್ಯಾಟ್ರನ್ ಸಾಹೇಬ್ರ, ನಿಮ್ಮ ವಾರ್ಡಿನ್ಯಾಗೂ ಹೀಂಗ ಮಾಡ್ತಿದ್ರೇನ?”

ಸೋತೆ. ಲಂಡನ್ನಿನ ಕಿಂಗ್ಸ್‌ಬರಿಯ ನಮ್ಮ ಪುಟ್ಟ ಫ್ಲ್ಯಾಟಿನಲ್ಲಿ ಕುರ್ಚಿ, ರೇಡಿಯೇಟರ್, ಬಾಗಿಲು, ಎಲ್ಲದರ ಮೇಲೂ ಒದ್ದೆ ಬಟ್ಟೆ. ಲೈಬ್ರರಿಯಿಂದ ಹಕ್ಕಿಗಳ ಪುಸ್ತಕ ತಂದು ಓದಿದೆ. (ಶತ್ರುವಿನ ವಿಚಾರ ತಿಳಿದಿರುವುದು ಒಳ್ಳೆಯದಲ್ಲವೆ?)

ಆಗ ಬಂದರು ಹ್ಯಾರಿ. ಪಕ್ಕದ ಫ್ಲ್ಯಾಟಿನವರು, ಎಪ್ಪತ್ತು ದಾಟಿದ ಯಹೂದಿ. ತಮ್ಮ ಬಾಲ್ಕನಿಯಿಂದ ಬಗ್ಗಿ ನೋಡಿದವರೇ ಓಡಿ ಬಂದು ನಮ್ಮ ಬಾಗಿಲು ಬಡಿದಿದ್ದರು. ಏದುಸಿರು.

“ಆ ಪಾರಿವಾಳ ನೀವು ಸಾಕಿದ್ದಲ್ಲ ತಾನೆ?”

“ಸಾಕಿದ್ದರೆ ಕ್ಲಿಪ್ ಬುಟ್ಟಿಯಲ್ಲಿ ಮಲಗಲು ಬಿಡುತ್ತಿದ್ದೆನಾ?”

ಹ್ಯಾರಿಯ ಮುಖ ಅರಳಿತು. ಅವರ ಧರ್ಮಗ್ರಂಥದಲ್ಲಿ ಒಂದು ಆಜ್ಞೆ ಇದೆಯಂತೆ. ದಾರಿಯಲ್ಲಿ ಹಕ್ಕಿಗೂಡು ಕಂಡು ಮೊಟ್ಟೆಯನ್ನೋ ಮರಿಯನ್ನೋ ತೆಗೆದುಕೊಳ್ಳುವುದಾದರೆ, ಮೊದಲು ತಾಯಿಯನ್ನು ಕಳಿಸಿಬಿಡಬೇಕು. ತಾಯಿ, ಮರಿ ಎರಡನ್ನೂ ಒಟ್ಟಿಗೆ ಹಿಡಿಯಕೂಡದು. ಪಾಲಿಸಿದವರಿಗೆ ದೀರ್ಘಾಯುಷ್ಯ. ಆದರೆ ಸಾಕಿದ ಹಕ್ಕಿ ನಡೆಯದು. ಯಾರದೂ ಅಲ್ಲದ ಹಕ್ಕಿಯೇ ಬೇಕು, ಅದೂ ಕೈಗೆಟುಕುವಲ್ಲಿ. ಲಂಡನ್ನಿನಲ್ಲಿ ಹುಟ್ಟಿ ಬೆಳೆದ ಹ್ಯಾರಿಗೆ ಈ ಭಾಗ್ಯ ಒಮ್ಮೆಯೂ ಸಿಕ್ಕಿರಲಿಲ್ಲ. ಗೂಡುಗಳೆಲ್ಲ ಮರದ ಮೇಲೆ. ಏಣಿ ಹತ್ತಲು ಹೆಂಡತಿ ರೂತ್ ಬಿಡುವುದಿಲ್ಲ.

ಯಜಮಾನರಿಗೆ ಸಿಟ್ಟು ಬಂತು. ತಾಯಿಯನ್ನು ಓಡಿಸುವುದು ಎಂಥ ಧರ್ಮ ಎಂದು ನೇರವಾಗಿಯೇ ಕೇಳಿದರು.

ಹ್ಯಾರಿ ಬೇಸರಪಡಲಿಲ್ಲ. “ಹಸಿದವನು ಮೊಟ್ಟೆ ತೆಗೆದುಕೊಂಡೇ ತೆಗೆದುಕೊಳ್ಳುತ್ತಾನೆ. ತಾಯಿಯ ಕಣ್ಣೆದುರು ಬೇಡ ಎನ್ನುತ್ತದೆ ಆಜ್ಞೆ. ನನಗೆ ಮೊಟ್ಟೆ ಬೇಡ. ಒಮ್ಮೆ ಎತ್ತಿ, ಹಾಗೇ ಇಟ್ಟುಬಿಡುತ್ತೇನೆ.”

ನನಗೆ ಮಕ್ಕಳ ವಾರ್ಡ್ ನೆನಪಾಯಿತು. ಸೂಜಿ ಚುಚ್ಚುವ ಮೊದಲು ತಾಯಂದಿರಿಗೆ ನಾನು ಹೇಳುತ್ತಿದ್ದದ್ದು ಒಂದೇ ಮಾತು: “ಹೋಗಿ ಒಂದು ಟೀ ಕುಡಿದು ಬನ್ನಿ.” ಮಗುವಿಗೆ ನೋವು ತಪ್ಪದು. ನೋಡುವ ನೋವಾದರೂ ತಾಯಿಗೆ ತಪ್ಪಲಿ ಎಂದು.

ಒಪ್ಪಿದೆ. ಷರತ್ತು ಹಾಕಿಯೇ ಒಪ್ಪಿದೆ: ಒಂದೇ ಸಲ. ಪದೇಪದೇ ಎಬ್ಬಿಸಿದರೆ ಹಕ್ಕಿ ಗೂಡು ಬಿಟ್ಟು ಹೋದೀತು.

ಭಾನುವಾರ ಮಧ್ಯಾಹ್ನ ಹ್ಯಾರಿ ಸೂಟು, ಟೈ ಧರಿಸಿ ಬಂದರು. ರೂತ್ ಕೈಯಲ್ಲಿ ಕ್ಯಾಮೆರಾ. ರೋಲಿನಲ್ಲಿ ಕೊನೆಯ ಒಂದು ಫೋಟೊ ಮಾತ್ರ ಉಳಿದಿದೆ ಎಂದು ಎಲ್ಲರಿಗೂ ಎಚ್ಚರಿಕೆ. ಹ್ಯಾರಿ ಬಾಲ್ಕನಿಗೆ ಕಾಲಿಟ್ಟು, ಆಜ್ಞೆಯ ಮಾತನ್ನು ಮತ್ತೊಮ್ಮೆ ಹೇಳಿಕೊಂಡರು. ಮೊದಲು ತಾಯಿಯನ್ನು ಕಳಿಸು. ಕೈ ಎತ್ತಿದರು. ರೂತ್ ಕ್ಲಿಕ್ ಮಾಡಿದರು.

ತಾಯಿ?

“ನಿಲ್ಲಿ!” ಎಂದೆ, ವಾರ್ಡಿನ ದನಿಯಲ್ಲಿ. ಹ್ಯಾರಿಯ ಕೈ ಗಾಳಿಯಲ್ಲೇ ನಿಂತಿತು.

ಪುಸ್ತಕದಲ್ಲಿ ಓದಿದ್ದು ಆಗ ಹೊಳೆಯಿತು. ಪಾರಿವಾಳಗಳದ್ದು ಶಿಫ್ಟ್ ಡ್ಯೂಟಿ. ಹೊತ್ತೇರಿದ ಮೇಲೆ ಸಂಜೆಯವರೆಗೆ ಅಪ್ಪ ಕೂರುತ್ತಾನೆ. ಸಂಜೆಯಿಂದ ಬೆಳಗಿನವರೆಗೆ ಅಮ್ಮ. ನಾವೆಲ್ಲ ಮಧ್ಯಾಹ್ನ ನೋಡಿ ಕನಿಕರಪಟ್ಟ ಬಾಣಂತಿ ಗಂಡಸು!

“ಅಪ್ಪನನ್ನು ಕಳಿಸಿದರೆ ಲೆಕ್ಕಕ್ಕಿಲ್ಲ” ಎಂದು ಹ್ಯಾರಿ ಕುಸಿದು ಕೂತರು. “ಇದ್ದ ಒಂದು ಅವಕಾಶ ಈಗಲೇ ಮುಗಿದುಹೋಗುತ್ತಿತ್ತು.”

“ನೋಡು, ಎಲ್ಲಾ ಕಡೆ ಅಪ್ಪಂದು ಇದ ಹಣೆಬರಹ” ಎಂದರು ಯಜಮಾನರು.

ಕಾದೆವು. ಹ್ಯಾರಿ ದಂಪತಿಯ ಧರ್ಮದ ಊಟದ ನಿಯಮದಂತೆ ಗಾಜಿನ ಲೋಟದಲ್ಲಿ ಹಾಲಿಲ್ಲದ ಟೀ, ಬಾಳೆಹಣ್ಣು. ನನ್ನ ಭಾನುವಾರದ ಇಸ್ತ್ರಿ ಹಾಗೇ ಉಳಿಯಿತು. ಆಶ್ಚರ್ಯವೆಂದರೆ, ಉಳಿಯಲಿ ಎನಿಸಿತು!

ಕೂತಲ್ಲೇ ಯೋಚಿಸಿದೆ. ಹಬ್ಬದ ಊಟಕ್ಕೆ ಸೇರಿದಾಗ ಸೊಸೆಯನ್ನು ಅವಳ ತಾಯಿಯ ಎದುರೇ ಆಡಿಕೊಳ್ಳುವವರು ನಮ್ಮಲ್ಲಿಲ್ಲವೆ? ಹುಡುಗನಿಗೆ ಮಾರ್ಕ್ಸ್ ಕಡಿಮೆ ಬಂದದ್ದನ್ನು ಅವನಮ್ಮನ ಮುಂದೆಯೇ ಊರಿಗೆಲ್ಲ ಸಾರುವವರು? ಪಾಪದ ಹಕ್ಕಿಗೆ ಸಿಕ್ಕಿದ ಮರ್ಯಾದೆ ಈ ತಾಯಂದಿರಿಗೆ ಯಾಕಿಲ್ಲ?

ಮೇ ತಿಂಗಳ ಬೆಳಕು ಇನ್ನೂ ಇರುವಾಗಲೇ ಎರಡನೆಯ ಪಾರಿವಾಳ ಬಂದು ಬಾಲ್ಕನಿಯ ಕಟಾಂಜನದ ಮೇಲೆ ಇಳಿಯಿತು. ಅಪ್ಪ ಎದ್ದು ಹೊರಟ. ಅಮ್ಮ ಬುಟ್ಟಿಗಿಳಿದು, ಮೊಟ್ಟೆಗಳನ್ನು ಕೊಕ್ಕಿನಿಂದ ಹೊರಳಿಸಿ ಕೂತಳು. ನನ್ನ ನರ್ಸುಗಳೂ ಇಷ್ಟು ಅಚ್ಚುಕಟ್ಟಾಗಿ ಡ್ಯೂಟಿ ಬದಲಿಸಿದ್ದಿಲ್ಲ.

ಅವಳು ಬೆಚ್ಚಗೆ ಕೂರುವವರೆಗೂ ಹ್ಯಾರಿಯನ್ನು ತಡೆದೆ. ಆಮೇಲೆ ಅವರು ಮೆಲ್ಲಗೆ ಹೋಗಿ ಕೈಯಾಡಿಸಿದರು. ಪಟಪಟ! ಹಕ್ಕಿ ಎದುರಿನ ಸೂರಿಗೆ ಹಾರಿತು. ಎರಡು ಮೊಟ್ಟೆಗಳನ್ನು ಅಂಗೈಯಲ್ಲೆತ್ತಿ ಹ್ಯಾರಿ ಕಣ್ಣು ಮುಚ್ಚಿದರು. ಮೊಟ್ಟೆಗಳನ್ನು ಇದ್ದಲ್ಲೇ ಇಟ್ಟು ಒಳಗೆ ಬಂದರು.

“ದೀರ್ಘಾಯುಷ್ಯವಂತೆ!” ಎಂದರು ರೂತ್. “ಇವರ ಗೊರಕೆ ಇನ್ನೆಷ್ಟು ವರ್ಷ ಕೇಳಬೇಕೋ!”

ನಾಲ್ವರೂ ಪರದೆಯ ಹಿಂದೆ ನಿಂತು ಸೂರನ್ನೇ ನೋಡುತ್ತಿದ್ದೆವು. ಅವಳು ಬಾರದಿದ್ದರೆ? ಹ್ಯಾರಿ ಬೆವರುತ್ತಿದ್ದರು. “ಮೊಟ್ಟೆ ತಣ್ಣಗಾದರೆ ಈ ಪುಣ್ಯ ನನಗೆ ಬೇಡ” ಎಂದು ಪಿಸುಗುಟ್ಟಿದರು. ಯಜಮಾನರು ಅವರ ಭುಜ ಹಿಡಿದುಕೊಂಡರು.

ಅವಳು ಕಟಾಂಜನಕ್ಕೆ ಬಂದಳು. ಕತ್ತು ತಿರುಗಿಸಿದಳು. ಬುಟ್ಟಿಗೆ ಇಳಿದು, ರೆಕ್ಕೆ ಸಡಿಲಿಸಿ ಕೂತಳು.

ಆಮೇಲೆ ನೋಡಬೇಕಿತ್ತು! ಹ್ಯಾರಿ ಯಜಮಾನರನ್ನು ತಬ್ಬಿಕೊಂಡು, ಇಸ್ತ್ರಿಯಾಗದ ಬಟ್ಟೆಗಳ ನಡುವೆ ಹಾಡುತ್ತಾ ಕುಣಿದರು. ಯಜಮಾನರೂ ಕುಣಿದರು. ರೂತ್ ಕಣ್ಣೊರೆಸಿಕೊಂಡು ಚಪ್ಪಾಳೆ ತಟ್ಟಿದರು. ನನ್ನ ಕಾಲೂ ಸುಮ್ಮನಿರಲಿಲ್ಲ ಎಂದು ಅವರೆಲ್ಲ ಹೇಳುತ್ತಾರೆ.

ಆಯುಷ್ಯ ಹ್ಯಾರಿಗೆ ಸಿಗಲಿ, ಸಂತೋಷ. ಇಷ್ಟೆಲ್ಲ ಜನರನ್ನು ನೋಡಿಯೂ ವಾಪಸ್ ಬಂದು ಕೂತವಳಿಗೆ ಏನು ಕೊಡೋಣ, ಹೇಳಿ?